ಮೂರನೇ ಶಾಟಿನ ಕೈ

1

ಎಲ್ಲಿಂದ ಶುರು ಮಾಡಲಿ? ಈ ವಿಷಯದಲ್ಲಿ ಸಿನಿಮಾದವರಿಗೆ ಅನುಕೂಲವಿದೆ. ಮೊದಲು ಊರನ್ನು ದೂರದಿಂದ ತೋರಿಸುತ್ತಾರೆ, ಆಮೇಲೆ ಬೀದಿ, ಆಮೇಲೆ ಮನೆ, ಆಮೇಲೆ ಮುಖ. ನಾನೂ ಹಾಗೇ ಶುರು ಮಾಡಿದ್ದೆ: ‘ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬೆಳಗಿನ ಎಳೆಬಿಸಿಲು ಹರಡಿತ್ತು.’ ಬರೆದು ಓದಿದರೆ ನನಗೇ ಆಕಳಿಕೆ ಬಂತು. ಹೊಡೆದು ಹಾಕಿದೆ. (ಓದುಗರೇ, ನಿಮ್ಮನ್ನು ಒಂದು ಎಳೆಬಿಸಿಲಿನಿಂದ ಉಳಿಸಿದ್ದೇನೆ. ಉಪಕಾರ ನೆನಪಿರಲಿ.)

ಹಾಗಾದರೆ ಕ್ಲೋಸಪ್ಪಿನಿಂದಲೇ ಶುರು ಮಾಡೋಣ. ಒಂದು ಕೈ. ವಯಸ್ಸಾದ ಹೆಂಗಸಿನ ಬಲಗೈ. ಪಾತ್ರೆಯಿಂದ ಸ್ಟೀಲ್ ಲೋಟಕ್ಕೆ ಚಹಾ ಸೋಸುತ್ತಿದೆ. ಕೈಯಲ್ಲಿ ಬಳೆ ಇಲ್ಲ.

ತಕರಾರೆಲ್ಲ ಇರುವುದು ಆ ಕೊನೆಯ ವಾಕ್ಯದಲ್ಲಿ. ತಕರಾರು ತೆಗೆದವನು ನಾನೇ.

2

ನಾನು ಹರಿಹರದವನು, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ರಿಟೈರಾದವನು. ಎರಡು ಕಥಾಸಂಕಲನಗಳು ಬಂದಿವೆ. ಎರಡೂ ನಮ್ಮ ಮನೆಯ ಅಟ್ಟದ ಮೇಲೆ ಕ್ಷೇಮವಾಗಿವೆ. ಕಳೆದ ಮಾರ್ಚ್‌ನಲ್ಲಿ ದಾವಣಗೆರೆಯ ಒಂದು ಕಾಲೇಜಿನವರು, ವಿದ್ಯಾರ್ಥಿಗಳು ಮಾಡಿದ ಕಿರುಚಿತ್ರಗಳಿಗೆ ತೀರ್ಪುಗಾರರಾಗಿ ಬನ್ನಿ ಎಂದು ಕರೆದರು. ಕ್ಯಾಮೆರಾದ ಬಗ್ಗೆ ನನಗೆ ಗೊತ್ತಿದ್ದದ್ದು, ಅದು ಎದುರಿಗಿದ್ದಾಗ ಹೊಟ್ಟೆ ಒಳಗೆಳೆದುಕೊಳ್ಳಬೇಕು ಎನ್ನುವುದಷ್ಟೇ. ಹಿಂದಿನ ದಿನ ಮೊಬೈಲಿನಲ್ಲಿ ನಾಲ್ಕು ಪಾಠ ನೋಡಿಕೊಂಡೆ. ಲಾಂಗ್ ಶಾಟ್, ಮಿಡ್ ಶಾಟ್, ಕ್ಲೋಸಪ್, ಕ್ಯಾಮೆರಾವನ್ನು ಮೇಲಿಂದ ಕೆಳಗೆ ಬಾಗಿಸುವ ಟಿಲ್ಟ್ ಡೌನ್. ಕೊನೆಯಲ್ಲಿ ಕಂಟಿನ್ಯೂಟಿ. ಅಂದರೆ, ಒಂದು ಶಾಟಿನಲ್ಲಿ ಇದ್ದದ್ದು ಮುಂದಿನ ಶಾಟಿನಲ್ಲೂ ಇರಬೇಕು. ನಿನ್ನೆ ಕಲಿತವನ ಕೈಗೆ ಇವತ್ತು ಮಾರ್ಕ್ಸ್ ಹಾಕುವ ಪೆನ್ನು ಕೊಟ್ಟರೆ ಏನಾಗುತ್ತದೋ ಅದೇ ಆಯಿತು.

ಮಕ್ಕಳಿಗೆ ಕೊಟ್ಟಿದ್ದ ಪಾಠ ಸರಳವಾಗಿತ್ತು. ಯಾವುದಾದರೂ ಒಂದು ಮನೆಗೆಲಸವನ್ನು ಮೂರು ಶಾಟಿನಲ್ಲಿ ತೋರಿಸಬೇಕು. ಮಹೀನ್ ಎಂಬ ಹುಡುಗಿಯ ಚಿತ್ರದಲ್ಲಿ ಒಬ್ಬ ಅಜ್ಜಿ ಚಹಾ ಮಾಡುತ್ತಾರೆ. ಮೊದಲ ಶಾಟಿನಲ್ಲಿ ಇಡೀ ಅಡುಗೆಮನೆ, ಅದರ ನಡುವೆ ಅಜ್ಜಿ. ಎರಡನೆಯದರಲ್ಲಿ ಅಜ್ಜಿಯ ಮುಖ, ನಂತರ ಕ್ಯಾಮೆರಾ ಬಹಳ ಮೆಲ್ಲಗೆ ಕೆಳಗಿಳಿದು ಕೈಗಳ ಮೇಲೆ ನಿಲ್ಲುತ್ತದೆ. ಕೈತುಂಬ ಹಸಿರು ಗಾಜಿನ ಬಳೆ. ಮೂರನೆಯದು ಕೈಯ ಕ್ಲೋಸಪ್. ಬಳೆ ಮಾಯ.

ನಾನು ಮೈಕ್ ಹಿಡಿದೆ. ಎರಡನೇ ಶಾಟಿನ ಟಿಲ್ಟ್ ಡೌನ್ ಅದ್ಭುತ ಎಂದೆ. ಆ ನಿಧಾನದಲ್ಲಿ ಒಂದು ಬದುಕಿನ ಭಾರವೇ ಇಳಿದು ಬಂದಂತಿದೆ ಎಂದೆ. (ಹೌದು, ಹೀಗೇ ಹೇಳಿದೆ. ಅಲ್ಲಿದ್ದವರು ಸಾಕ್ಷಿ.) ಆಮೇಲೆ ಮಹೀನ್ ಕಡೆ ತಿರುಗಿ, “ಆದರೆ ಎರಡನೇ ಶಾಟಿನಲ್ಲಿದ್ದ ಬಳೆ ಮೂರನೇ ಶಾಟಿಗೆ ಬರೋಷ್ಟರಲ್ಲಿ ಎಲ್ಲಿ ಹೋದವಮ್ಮಾ? ಕಂಟಿನ್ಯೂಟಿ ಅಂದ್ರೆ ಗೊತ್ತಾ?” ಎಂದು ಕೇಳಿದೆ.

ಸಭಾಂಗಣ ನಕ್ಕಿತು. ಮಹೀನ್ ಎದ್ದು ನಿಂತು, “ಗೊತ್ತೈತೆ ಸರ್” ಎಂದಷ್ಟೇ ಹೇಳಿ ಕೂತಳು. ಐದು ಮಾರ್ಕ್ಸ್ ಕಳೆದೆ.

ಕಾರ್ಯಕ್ರಮ ಮುಗಿದ ಮೇಲೆ, ಆ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದ ಶಿವು ಎಂಬ ಹುಡುಗ ನನ್ನ ಹತ್ತಿರ ಬಂದ.

“ಸರ್, ಅವರು ನಮ್ಮಜ್ಜಿ, ಮೈಲಮ್ಮ ಅಂತ. ಎರಡನೇ ಶಾಟು ತೆಗೆದ ನಾಕನೇ ದಿನಕ್ಕೆ ನಮ್ಮಜ್ಜ ತೀರಿಕೊಂಡ್ರು. ಹನ್ನೊಂದನೇ ದಿನ ಹರಿಹರದ ಹೊಳಿ ದಂಡೆಗೆ ಕರಕಂಡು ಹೋಗಿ ಬಳೆ ತೆಗೆಸಿದ್ರು. ಮೂರನೇ ಶಾಟು ಆಮ್ಯಾಲೆ ತೆಗೆದಿದ್ದು.”

ಏನಾದರೂ ಹೇಳಬೇಕಲ್ಲ ಎಂದು, “ಆ ಟಿಲ್ಟ್ ಡೌನ್ ಮಾತ್ರ ಚೆನ್ನಾಗಿ ಮಾಡಿದ್ದೀಯಪ್ಪ” ಎಂದೆ.

“ಅದು ನಾನು ಮಾಡಿದ್ದಲ್ಲ ಸರ್. ಟ್ರೈಪಾಡು ಬೇರೆ ಗುಂಪಿನೋರು ಒಯ್ದಿದ್ರು. ಮಂಡಕ್ಕಿ ಚೀಲದ ಮ್ಯಾಲೆ ಕ್ಯಾಮೆರಾ ಇಟ್ಟಿದ್ವಿ. ಅದು ಹಂಗೇ ಕುಸೀತಾ ಹೋತು.”

ಅಂದರೆ ನಾನು ಹೊಗಳಿದ್ದು ಮಂಡಕ್ಕಿ ಚೀಲವನ್ನು. ತೆಗಳಿದ್ದು ಒಬ್ಬ ವಿಧವೆಯ ಕೈಯನ್ನು. ಹರಿಹರದ ಬಸ್ಸು ಹತ್ತಿದೆ. ಹೊಳೆಯ ದಂಡೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಬಳೆ ತೆಗೆಸುವುದನ್ನು ಅಲ್ಲಿ ಎಷ್ಟೋ ಸಲ ನೋಡಿದ್ದೇನೆ. ನೋಡಿ, ವಾಕಿಂಗ್ ಮುಂದುವರಿಸಿದ್ದೇನೆ.

3

ಕಥೆಗಾರನಿಗೆ ಒಂದು ಸೌಲಭ್ಯವಿದೆ. ನಡೆದದ್ದನ್ನು ನಡೆದೇ ಇಲ್ಲ ಎನ್ನುವಂತೆ ಬರೆಯಬಹುದು. ಮೂರನೇ ಶಾಟಿನಲ್ಲಿ ಮೈಲಮ್ಮನಿಗೆ ಬಳೆ ತೊಡಿಸಿಬಿಟ್ಟರೆ ನಾನು ಆ ಮಾತು ಆಡುವ ಸಂದರ್ಭವೇ ಬರುವುದಿಲ್ಲ. (ಅಜ್ಜಿಯ ಮೇಲಿನ ಮರುಕಕ್ಕಿಂತ ನನ್ನ ಮಾನ ಉಳಿಸಿಕೊಳ್ಳುವ ಆಸೆಯೇ ಹೆಚ್ಚಿತ್ತು. ಒಪ್ಪುತ್ತೇನೆ.)

ಮೊದಲ ಕರಡು: ‘ಮಹೀನ್ ಮಂಡಿಪೇಟೆಯಿಂದ ಒಂದು ಡಜನ್ ಹಸಿರು ಬಳೆ ತಂದಳು. ಮೈಲಮ್ಮ ನಸುನಗುತ್ತಾ ಕೈ ಚಾಚಿದರು. ಶಿವು ಆಕ್ಷನ್ ಎಂದ.’

ಇಷ್ಟು ಬರೆಯುವಷ್ಟರಲ್ಲಿ ಕರಡಿನೊಳಗಿನ ಮೈಲಮ್ಮ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ಯಾಕ್ರಿ ಮೇಷ್ಟ್ರೇ, ನಾನು ಯಾವಾಗ ನಕ್ಕೆ?”

“ಓದುವವರಿಗೆ ಸ್ವಲ್ಪ ಸಮಾಧಾನ ಇರಲಿ ಅಂತ...”

“ಗಂಡ ಹೋಗಿ ಇನ್ನೂ ತಿಂಗಳಾಗಿಲ್ಲ. ಓದೋರ ಸಮಾಧಾನಕ್ಕೆ ನಾನು ನಗಬೇಕೇನು?”

ನಸುನಗೆಯನ್ನು ಹೊಡೆದು ಹಾಕಿದೆ. “ಕೈ ಚಾಚಿದ್ದೂ ನಾನಲ್ಲ” ಎಂದರು. ಅದನ್ನೂ ಹೊಡೆದೆ. ಉಳಿದದ್ದು ಒಂದು ಡಜನ್ ಬಳೆ ಮತ್ತು ಶಿವುವಿನ ‘ಆಕ್ಷನ್’. ಅಷ್ಟರಿಂದ ಕಥೆಯಾಗುವುದಿಲ್ಲ.

3 (ಮತ್ತೊಮ್ಮೆ)

ಎರಡನೇ ಕರಡಿನಲ್ಲಿ ಮೈಲಮ್ಮ ಬಳೆಯನ್ನು ನಿರಾಕರಿಸುತ್ತಾರೆ. ಕಿಟಕಿಯ ಹೊರಗೆ ನೋಡುತ್ತಾ, ‘ಬದುಕಿಗೇ ಕಂಟಿನ್ಯೂಟಿ ಇಲ್ಲ ಮಗಳೇ, ಸಿನಿಮಾಕ್ಕೆ ಯಾಕೆ’ ಎನ್ನುತ್ತಾರೆ. ಬರೆದಾಗ ನನಗೆ ಬಹಳ ಹಿಡಿಸಿತು. ಹೆಂಡತಿಗೆ ಓದಿ ಹೇಳಿದೆ. “ನಿಮ್ಮ ಪುಸ್ತಕದಾಗಿನ ಮುದುಕೇರೆಲ್ಲ ಒಂದೇ ಕಾಲೇಜಿನಾಗ ಓದ್ಯಾರೇನ್ರಿ?” ಎಂದು ಕೇಳಿ ಸೊಪ್ಪು ಬಿಡಿಸಲು ಹೋದಳು.

ಕರಡು ಹರಿದು ಹಾಕಿದೆ.

4

ಮೂರನೇ ಉಪಾಯ ಪಕ್ಕಾ ತಾಂತ್ರಿಕವಾದದ್ದು. ಕ್ಲೋಸಪ್ಪಿನಲ್ಲಿ ಮುಖ ಕಾಣುವುದಿಲ್ಲವಲ್ಲ? ಮಹೀನ್ ತನ್ನ ಕೈಗೇ ಬಳೆ ಹಾಕಿಕೊಂಡು ಚಹಾ ಸೋಸಲಿ. ಕರಡಿನ ಮಹೀನ್ ಸೌಮ್ಯವಾಗಿಯೇ ಹೇಳಿದಳು: “ಸರ್, ನನ್ನ ಕೈ ಇಪ್ಪತ್ತು ವರ್ಷದ್ದು. ಫೋಕಸ್ ಅಂದ್ರೆ ಎಲ್ಲಾ ಕಾಣ್ತೈತೆ.”

ಕಲ್ಪಿಸಿಕೊಂಡ ಪಾತ್ರಗಳೇ ನನಗೆ ಕ್ಯಾಮೆರಾ ಪಾಠ ಮಾಡತೊಡಗಿದ ಮೇಲೆ, ನಿಜವಾದವರ ಹತ್ತಿರ ಹೋಗುವುದೇ ವಾಸಿ ಅನ್ನಿಸಿತು.

6

(5ನ್ನು ತೆಗೆದಿದ್ದೇನೆ. ಅದರಲ್ಲಿ ಸುಮ್ಮನೆ ಮಳೆ ಬರುತ್ತಿತ್ತು.)

ಕಾಲೇಜಿನಿಂದ ನಂಬರ್ ಪಡೆದು ಮಹೀನ್‌ಗೆ ಫೋನ್ ಮಾಡಿದೆ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಶಿವುವನ್ನೂ ಕರೆದುಕೊಂಡು ಬಂದಳು. ಕ್ಷಮೆ ಕೇಳಿದೆ. “ಇರ್ಲಿ ಬಿಡ್ರಿ ಸರ್” ಎಂದಳು. ಆ ‘ಇರ್ಲಿ’ಯಲ್ಲಿ ಕ್ಷಮೆ ಎಷ್ಟಿತ್ತೋ ನನಗೆ ತಿಳಿಯಲಿಲ್ಲ. ಕಥೆ ಬರೆಯುತ್ತಿದ್ದೇನೆ, ನಡೆದದ್ದು ಹೇಳಮ್ಮ ಎಂದೆ.

ಚಿತ್ರೀಕರಣದ ಮೊದಲ ದಿನ ಇಬ್ಬರಿಗೂ ಕ್ಯಾಮೆರಾ ಹೊಸದು. ಟ್ಯೂಬ್‌ಲೈಟಿನಲ್ಲಿ ಅಜ್ಜಿಯ ಮುಖ ಹಸಿರು ಹಸಿರಾಗಿ ಬಂತು. ಲೈಟ್ ಆರಿಸಿ ಕಿಟಕಿ ತೆಗೆದರೆ ಮುಖ ಸರಿಹೋಯಿತು, ಆದರೆ ಬೀದಿಯ ಆಟೋ ಸದ್ದೆಲ್ಲ ಒಳಗೆ ಬಂತು. ಆಟೋ ಇಲ್ಲದ ಹೊತ್ತು ನೋಡಿ ಶುರು ಮಾಡಿದರೆ ಒಳಕೋಣೆಯಲ್ಲಿ ಮಲಗಿದ್ದ ಅಜ್ಜ ಸಣ್ಣತಿಮ್ಮಪ್ಪ ಕೆಮ್ಮುತ್ತಿದ್ದರು. ಮಂಡಕ್ಕಿ ಭಟ್ಟಿಯ ಹೊಗೆ ಕುಡಿದ ಎದೆ. ಮೂರು ಟೇಕ್ ಹಾಳಾದವು.

“ಅಜ್ಜಾ, ಐದು ನಿಮಿಷ ಕೆಮ್ಮಬ್ಯಾಡ್ರಿ ಅಂತ ನಾನೇ ಹೋಗಿ ಹೇಳಿದೆ ಸರ್” ಎಂದಳು ಮಹೀನ್. “ಬಾಯಿಗೆ ಟವಲ್ ಒತ್ತಿ ಹಿಡಕಂಡು ಕೂತ್ರು. ಎರಡನೇ ಶಾಟಿನ ಕೊನೆಗೆ ತಡಕಳ್ಳೋಕೆ ಆಗ್ಲಿಲ್ಲ. ಸಣ್ಣಗೆ ಒಂದು ಕೆಮ್ಮು ಐತೆ ನೋಡ್ರಿ, ಅದು ಅವರದು. ನಾಕು ದಿನ ಆದ ಮ್ಯಾಲೆ ಅವರೇ ಇಲ್ಲ.”

ಅವಳು ಚಹಾ ಮುಟ್ಟಿರಲಿಲ್ಲ. ಲೋಟದ ಮೇಲೆ ಕೆನೆ ಕಟ್ಟಿತ್ತು. ನಾನು ಮೇಷ್ಟ್ರ ಬುದ್ಧಿ ಬಿಡದೆ ಕೇಳಿದೆ: ಎರಡನೇ ಶಾಟನ್ನೇ ಬಳೆಯಿಲ್ಲದೆ ಇನ್ನೊಮ್ಮೆ ತೆಗೆದಿದ್ದರೆ ಎಲ್ಲ ಸರಿಹೋಗುತ್ತಿತ್ತಲ್ಲ?

ಉತ್ತರ ಕೊಟ್ಟವನು ಶಿವು. “ಅಜ್ಜಿ ಬ್ಯಾಡ ಅಂತು ಸರ್. ಅದ್ರಾಗ ನಿಮ್ಮಜ್ಜ ಕೆಮ್ಮ್ಯಾನೆ, ಅದನ್ನ ತೆಗಿಬ್ಯಾಡ್ರೀ ಅಂತು.”

ಹೋಟೆಲಿನ ಗದ್ದಲದಲ್ಲಿ ನನ್ನ ಕಣ್ಣು ಒದ್ದೆಯಾದದ್ದು ಅವರಿಗೆ ಕಂಡಿತೋ ಇಲ್ಲವೋ. ಕಂಡರೂ ಅಡ್ಡಿಯಿಲ್ಲ.

7

ಉಳಿದದ್ದು ಮೂರನೇ ಶಾಟು. ಬಳೆ ಬೇಕೋ ಬೇಡವೋ. ಮಹೀನ್‌ಗೆ ಕೇಳಲು ಭಯ. ಅವಳ ದಾದಿ, ಅಂದರೆ ಅಪ್ಪನ ತಾಯಿ, ಶಹಜಾದಿಯೂ ಗಂಡ ತೀರಿಕೊಂಡಾಗ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಎಂದು ಮನೆಯೊಳಗೇ ಶೋಕ ಕೂತಿದ್ದವರು. ಯಾರು ಏನು ತೊಡಬೇಕು ಎಂದು ಹೇಳುವವರು ಮನೆತುಂಬ ಇರುತ್ತಾರೆ ಎನ್ನುವುದು ಅವಳು ಕಂಡದ್ದೇ. ಆದರೂ ಒಂದು ದಿನ ನಿಟ್ಟುವಳ್ಳಿಗೆ ಹೋಗಿ, “ಅಜ್ಜಿ, ನಿಮಗೆ ಹೆಂಗೆ ಬೇಕು ಹಂಗೆ ಮಾಡೋಣ” ಎಂದಳು. ಮೈಲಮ್ಮ ಏನೂ ಹೇಳಲಿಲ್ಲ. ಮಹೀನ್ ಕಾದಳು. ಚಿತ್ರ ಒಪ್ಪಿಸುವ ದಿನ ದಾಟಿತು. ಲೆಕ್ಚರರ್ ಬೈದರು. ಕೇಳಿ ಬಂದು ಹನ್ನೊಂದು ದಿನವಾದ ಮೇಲೆ ಮೈಲಮ್ಮ ಹೇಳಿ ಕಳಿಸಿದರು: ಎರಡೂ ತೆಗೀರಿ.

ಶಿವುವಿನ ಸೋದರತ್ತೆ ಭಾಗ್ಯಲಕ್ಷ್ಮಿ, “ಮಂದಿ ನೋಡಿದ್ರೆ ಏನಂತಾರವ್ವಾ” ಎಂದು ಬೀದಿ ಬಾಗಿಲು ಹಾಕಿ ಬಂದಳು. ಬಳೆ ಹಾಕಿಕೊಂಡು ಒಂದು ಟೇಕ್. ಬಳೆಯಿಲ್ಲದೆ ಒಂದು ಟೇಕ್. ಆಮೇಲೆ ಮೈಲಮ್ಮ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತು, ಎರಡನ್ನೂ ನಾಲ್ಕು ನಾಲ್ಕು ಸಲ ನೋಡಿ, ಒಂದರ ಕಡೆ ಬೆರಳು ತೋರಿಸಿ “ಇದು” ಎಂದರು. ಯಾಕೆಂದು ಮಹೀನ್ ಕೇಳಲಿಲ್ಲ.

ನಾನು ತಪ್ಪು ಎಂದು ಮಾರ್ಕ್ಸ್ ಕಳೆದದ್ದು ಆ ‘ಇದು’ವಿಗೆ.

“ಬಳೆ ಹಾಕ್ಕೊಂಡ ಟೇಕ್ ನೋಡಬಹುದಾ?” ಎಂದೆ.

ಮಹೀನ್ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. “ಅದನ್ನ ಅಜ್ಜಿನ್ನೇ ಕೇಳ್ರಿ ಸರ್.”

8

ಇಲ್ಲಿಗೆ ಕಥೆ ನಿಲ್ಲಿಸುವುದು ಒಂದು ಕ್ರಮ. ನಿಲ್ಲಿಸಿದರೆ ಓದುಗರಾದ ನೀವು ತಲೆದೂಗುತ್ತೀರಿ, ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಹೆಚ್ಚಿನ ಕಥೆಗಳು ನಿಲ್ಲುವುದು ಹೀಗೆ ಬರೆದವನು ಚೆನ್ನಾಗಿ ಕಾಣುವ ಜಾಗದಲ್ಲೇ. ಆದರೆ ಮರುದಿನ ನಾನು ಹೋದೆ.

ನಿಟ್ಟುವಳ್ಳಿಯ ಆ ಮನೆಯ ಬಾಗಿಲಲ್ಲಿ ಮೈಲಮ್ಮ ಅಕ್ಕಿ ಆರಿಸುತ್ತಾ ಕೂತಿದ್ದರು. ನನ್ನ ಕರಡಿನವರಿಗಿಂತ ಗಿಡ್ಡ, ದನಿಯೂ ಸಣ್ಣದು. ಶಿವು ನನ್ನನ್ನು ಪರಿಚಯಿಸಿದ.

“ಬಳೆ ಎಲ್ಲಿ ಅಂತ ಕೇಳಿದೋರು ನೀವೇನ್ರಿ?” ಎಂದರು.

“ಹೌದಮ್ಮ. ತಪ್ಪಾಯ್ತು.”

“ಕೂಡ್ರಿ.”

ಕೂತೆ. ಅವರ ಕೈ ಮೊರದ ಮೇಲೆ ಓಡಾಡುತ್ತಿತ್ತು. ಆ ಕೈ ನೋಡಬಾರದು ಎಂದುಕೊಂಡಷ್ಟೂ ಅಲ್ಲೇ ನೋಡುತ್ತಿದ್ದೆ. ಇನ್ನೊಂದು ಟೇಕ್ ನೋಡಬೇಕೆಂಬ ಆಸೆಯನ್ನು ಹೇಗೋ ಬಾಯಿಬಿಟ್ಟು ಹೇಳಿದೆ. “ಅದು ನಾನು ನೋಡಾಕೆ ಐತೆ” ಎಂದು ಅಷ್ಟಕ್ಕೇ ಮುಗಿಸಿದರು.

ಇನ್ನೊಂದು ಹಿಡಿ ಅಕ್ಕಿ ಆರಿಸಿ ಅವರೇ ಕೇಳಿದರು. “ಕಥಿ ಬರೀತೀರಂತಲ್ಲ. ಅದ್ರಾಗ ನನ್ನ ಕೈಯಾಗ ಬಳೆ ಐತೋ, ಇಲ್ಲೋ?”

ಸುಳ್ಳು ಹೇಳಲಾಗಲಿಲ್ಲ. “ಒಂದು ಸಲ ಹಾಕಿಸಿದ್ದೆ. ಇನ್ನೊಂದು ಸಲ ನೀವು ಬೇಡ ಅಂದ ಹಾಗೆ ಬರೆದೆ. ಈಗ ಸಿನಿಮಾದಲ್ಲಿ ನೀವು ಆರಿಸಿದ ಹಾಗೇ ಬರೀತೀನಿ. ಬಳೆ ಇಲ್ಲದೆ.”

“ಸಿನಿಮಾದಾಗ ಬ್ಯಾಡ ಅಂದೆ. ಕಥಿಯಾಗೂ ಬ್ಯಾಡ ಅಂತ ಯಾರು ಹೇಳಿದ್ರು?”

ಕಲಿತವನ ಹಾಗೆ ಇಷ್ಟು ಹೊತ್ತು ಮಾತಾಡಿದವನು, ಕೇಳಬೇಕಾದ್ದನ್ನು ಮಾತ್ರ ಕೇಳಿರಲಿಲ್ಲ. ಈಗ ಕೇಳಿದೆ. “ಹೇಗೆ ಬರೀಲಿ ಅಮ್ಮ? ನಿಮಗೆ ಹೇಗೆ ಬೇಕು?”

“ಯೋಚನೆ ಮಾಡಬೇಕು.”

“ಎಷ್ಟು ದಿನ ಬೇಕಾಗಬಹುದು? ಪತ್ರಿಕೆಯವರು ಬೇಗ ಕೊಡಿ ಅಂದಿದ್ದಾರೆ.”

ಮೈಲಮ್ಮ ಮೊರ ಪಕ್ಕಕ್ಕಿಟ್ಟು ಮೊದಲ ಸಲ ನನ್ನ ಮುಖ ನೋಡಿದರು. “ತೊಟ್ಟಿಲಾಗ ಇದ್ದಾಗಿಂದ ಬಳೆ ಹಾಕ್ಕಂಡಿದ್ದೆ ಮೇಷ್ಟ್ರೇ. ತೆಗೆಯೋಕೆ ಅವರು ಎರಡು ನಿಮಿಷ ತಗಂಡ್ರು. ನಾನು ಯೋಚನೆ ಮಾಡೋಕಾದ್ರೂ ಪುರುಸೊತ್ತು ಬ್ಯಾಡೇನ್ರಿ?”

ಬೇಕು ಎಂದೆ. ಎದ್ದು ಬಂದೆ.

9

ಅದಾಗಿ ಇವತ್ತಿಗೆ ಆರು ದಿನ. ಪತ್ರಿಕೆಯವರು ಎರಡು ಸಲ ಫೋನ್ ಮಾಡಿದರು. ಕೊನೆ ಏನಾಯಿತು ಎಂದು ನೀವೂ ಕೇಳುತ್ತಿರಬಹುದು. ನಾನೊಂದು ಕೊನೆ ಬರೆದು ಕೊಡಬಲ್ಲೆ, ಬೇಕಿದ್ದರೆ ಸಂಜೆಯೊಳಗೆ ಮೂರು. ಕೈ ಬರುತ್ತಿಲ್ಲ. ಮೈಲಮ್ಮ ಇನ್ನೂ ಹೇಳಿಲ್ಲ, ನಾನು ಫೋನ್ ಮಾಡಿ ಅವಸರಪಡಿಸುವುದಿಲ್ಲ. ಶುರುವಿನಲ್ಲಿ ‘ಬಳೆ ಇಲ್ಲ’ ಎಂದದ್ದು ಸಿನಿಮಾದ ಕೈಗೆ. ಅವರು ಹೇಳುವವರೆಗೆ ಈ ಕಥೆಯಲ್ಲಿ ಅವರ ಕೈ ಹೇಗಿದೆ ಎಂದು ನನಗೆ ಗೊತ್ತಿಲ್ಲ.