ಮೀಮ್ ಒತ್ತಿದರೆ ಗುಂಡು

ಬೀಫಾತುಮ್ಮನ ಬಲಗೈಯ ಪ್ಲಾಸ್ಟರ್ ಬಿಚ್ಚಿದ ದಿನ ಪುತ್ತೂರಿನ ಡಾಕ್ಟರು ಅವಳ ಅಂಗೈಯಲ್ಲಿ ಒಂದು ಹಳದಿ ಸ್ಪಂಜಿನ ಚೆಂಡು ಇಟ್ಟರು. ದಿನಾ ಇದನ್ನು ಹಿಸುಕಬೇಕು, ಈಗ ಬೆರಳು ಆಡಿಸದಿದ್ದರೆ ಅದು ಹಾಗೆಯೇ ಸೆಟೆದು ನಿಲ್ಲುತ್ತದೆ, ಮತ್ತೆ ನನ್ನ ಹತ್ತಿರ ಬಂದು ಪ್ರಯೋಜನ ಇಲ್ಲ ಎಂದರಂತೆ. ಮರುದಿನ ನಾನು ನೋಡಲು ಹೋದಾಗ ಚೆಂಡು ಅವರ ಬೆಕ್ಕಿನ ಕಾಲಡಿಯಲ್ಲಿತ್ತು.

"ಎಂತ ಬೀಫಾತುಮ್ಮ, ಡಾಕ್ಟರು ಕೊಟ್ಟದ್ದನ್ನು ಬೆಕ್ಕಿಗೆ ಕೊಟ್ಟದ್ದಾ?"

"ಅದಕ್ಕಾದರೂ ಖುಷಿ ಆಗ್ಲಿ. ನಾನೆಂತ ತೊಟ್ಟಿಲ ಮಗುವಾ ಸೇವಂತಿ, ಚೆಂಡು ಹಿಡ್ಕೊಂಡು ಕೂತ್ಕೊಳ್ಳಿಕ್ಕೆ?"

ನಮ್ಮ ಎರಡು ಮನೆಗಳ ನಡುವೆ ಇರುವುದು ಕೋಡಿಂಬಾಳದ ರಸ್ತೆ ಮಾತ್ರ. ಮದುವೆಯಾಗಿ ಬಂದಂದಿನಿಂದ ನಾವಿಬ್ಬರೂ ಅವಳ ಜಗಲಿಯಲ್ಲಿ ಕೂತು ಬೀಡಿ ಕಟ್ಟಿದವರು. ಎಲೆಯನ್ನು ಸುರುಟಿ, ತುದಿ ಮಡಚಿ, ನೂಲು ಸುತ್ತುವಾಗ ಅವಳು ಕೈ ನೋಡುತ್ತಲೇ ಇರಲಿಲ್ಲ. ಕಣ್ಣು ರಸ್ತೆಯ ಮೇಲೆ, ಬಾಯಿ ನನ್ನ ಜೊತೆ, ಬೆರಳು ಅದರ ಪಾಡಿಗೆ ಅದು. ಈಗ ಆ ಕೈಯನ್ನು ಮಡಿಲಲ್ಲಿಟ್ಟು ಮೇಲಿಂದ ಶಾಲಿನ ಸೆರಗು ಮುಚ್ಚಿದ್ದಳು, ಯಾರೋ ಸ್ವಲ್ಪ ಹೊತ್ತು ನೋಡಿಕೊಳ್ಳಿ ಎಂದು ಕೊಟ್ಟು ಹೋದ ವಸ್ತುವಿನ ಹಾಗೆ.

ಅವಳ ಗಂಡ ಕಲಂದರಣ್ಣ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. "ಇವಳ ಕೈ ಬಿದ್ದ ಮೇಲೆ ನಮಗೆ ಹೋಟೆಲಿನ ಪರೋಟವೇ ಗತಿ ಸೇವಂತಿಯಕ್ಕ. ನನ್ನ ಹಲ್ಲು ಎರಡು ಅಲುಗಾಡ್ತಾ ಉಂಟು" ಎಂದರು.

"ಬಾಯಿ ಮುಚ್ಚಿದರೆ ಅಲುಗಾಡುದಿಲ್ಲ" ಎಂದಳು ಬೀಫಾತುಮ್ಮ.

ಸುಳ್ಯದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಅವರ ಕಿರಿಮಗಳು ಅಮೀರಾ ಬೇಸಿಗೆ ರಜೆಯಲ್ಲಿ ಬಂದಿದ್ದಳು. ತಾಯಿಗೆ ಗದರಿ ನೋಡಿದಳು, ಮುದ್ದು ಮಾಡಿ ನೋಡಿದಳು. ಕೊನೆಗೆ ಒಂದು ದಿನ ಅಟ್ಟದಿಂದ ಕುವೈಟಿನ ಹಳೆಯ ಕಂಬಳಿಯ ಒಂದು ಗಂಟನ್ನು ಇಳಿಸಿ ತಂದು ಬಿಚ್ಚಿದಳು. ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಬೀಫಾತುಮ್ಮನ ತಮ್ಮ ನೌಷಾದ್ ಕುವೈಟಿನಿಂದ ಊರಿಗೆ ಮೊದಲ ರಜೆಯಲ್ಲಿ ಬಂದಾಗ ತಂದಿದ್ದ ಕಂಪ್ಯೂಟರ್. ಆಗ ಕಂಪ್ಯೂಟರ್ ಎಂದರೆ ಬರೀ ಒಂದು ಕೀಬೋರ್ಡು, ಅದನ್ನೇ ಟಿವಿಗೆ ಸಿಕ್ಕಿಸುವುದು. ಕೀಲಿಗಳ ಮೇಲೆ ಅರಬಿ ಅಕ್ಷರ. ಮದ್ರಸದಲ್ಲಿ ಓದಿದ ಬೀಫಾತುಮ್ಮನಿಗೆ ಅದು ಓದಲು ಬರುತ್ತಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಯಾವ ಅಕ್ಷರವಾದರೂ ಒಂದೇ. ನನ್ನ ಕೀಲಿಗಳಿಗೆ ಅವಳು ಕೆಂಪು ಉಗುರುಬಣ್ಣದ ಬೊಟ್ಟು ಇಟ್ಟುಕೊಟ್ಟಿದ್ದಳು. ಆ ಬೊಟ್ಟು ಇನ್ನೂ ಹಾಗೆಯೇ ಉಂಟು.

"ಇದರಲ್ಲಿ ನೀವಿಬ್ಬರು ಆಡ್ತಾ ಇದ್ದದ್ದು ಯಾವ ಆಟ?" ಅಮೀರಾ ಕೇಳಿದಳು.

"ಕೋಣದ ಆಟ" ಎಂದೆವು ನಾವಿಬ್ಬರೂ ಒಟ್ಟಿಗೆ.

ಪಾಪ, ಹುಡುಗಿ ಇಂಟರ್‌ನೆಟ್ಟಿನಲ್ಲಿ ಒಂದು ಇಡೀ ದಿನ ಕೋಣಗಳನ್ನು ಹುಡುಕಿದಳು. ಸಂಜೆ ಬಂದು, "ಉಮ್ಮ, ಆ ಕಾಲದ ಕಂಪ್ಯೂಟರಿಗೆ ಕೋಣದ ಆಟವೇ ಇಲ್ಲ" ಎಂದಳು. ಆಗ ವಿಷಯ ಬಿಡಿಸಿ ಹೇಳಬೇಕಾಯಿತು. ಅದು ಕೋಣ ಅಲ್ಲ, ಯುದ್ಧದ ಟ್ಯಾಂಕು. ತೆಂಗಿನಮರದ ತುದಿಯಲ್ಲಿ ಕೂತು ಕೆಳಗೆ ಗದ್ದೆ ನೋಡಿದ ಹಾಗೆ, ಗೋಡೆ, ದಾರಿ, ಎರಡು ಟ್ಯಾಂಕು ಎಲ್ಲವೂ ಮೇಲಿನಿಂದ ಕಾಣುತ್ತಿತ್ತು. ಟ್ಯಾಂಕು ತಿರುಗಬೇಕಾದರೆ ನಿಧಾನಕ್ಕೆ ಮೈಯೆಲ್ಲ ತಿರುಗಿಸುತ್ತಿತ್ತು, ಉಳುವ ಕೋಣ ಗದ್ದೆಯ ಮೂಲೆಯಲ್ಲಿ ತಿರುಗಿದ ಹಾಗೆ. ಹಾಗಾಗಿ ಕೋಣ.

"ಟ್ಯಾಂಕಾ! ಹಾಗೆ ಹೇಳಬಾರದಾ ಮಾರಾಯ್ರೆ!" ಎಂದು ಅಮೀರಾ ಹಣೆಗೆ ಕೈ ಹಚ್ಚಿದಳು.

ಆ ಆಟ ಇದ್ದ, ಕಂಪ್ಯೂಟರಿಗೆ ಸಿಕ್ಕಿಸುವ ಹಳೆಯ ಕಾರ್ಟ್ರಿಜ್ ಬೂಷ್ಟು ಹಿಡಿದು ಹೋಗಿತ್ತು. ಒರೆಸಿದರೂ ಏಳಲಿಲ್ಲ. ಆ ಆಟದ ಹೆಸರು ನಮಗೆ ಅಂದೂ ಗೊತ್ತಿರಲಿಲ್ಲ. ಅಮೀರಾ ಆ ಯಂತ್ರಕ್ಕೆ ಹೊಂದುವ, ಮೆಮೊರಿ ಕಾರ್ಡ್ ಹಾಕುವ ಹೊಸ ಕಾರ್ಟ್ರಿಜ್ ತರಿಸಿದಳು. ಹಳೆಯ ಕಂಪ್ಯೂಟರಿನ ಹುಚ್ಚು ಇರುವವರು ಪ್ರಪಂಚದಲ್ಲಿ ಬೇಕಾದಷ್ಟು ಇದ್ದಾರಂತೆ. ಅವರನ್ನೆಲ್ಲ ಕೇಳಿ ಕೇಳಿ, ಮೇಲಿನಿಂದ ಕಾಣುವ ಟ್ಯಾಂಕಿನ ಆಟ ಎಷ್ಟು ಸಿಕ್ಕಿತೋ ಅಷ್ಟನ್ನೂ ಕಾರ್ಡಿಗೆ ತುಂಬಿಸಿದಳು.

ಹಾಗೆ ಶುರುವಾಯಿತು ನಮ್ಮ ಪರೀಕ್ಷೆ. ಊಟ ಮುಗಿಸಿ ನಾನು ರಸ್ತೆ ದಾಟಿ ಬರುವುದು, ಅಮೀರಾ ಒಂದೊಂದೇ ಆಟ ಹಾಕುವುದು, ಬೀಫಾತುಮ್ಮ ಒಂದೊಂದನ್ನೇ ಹೊರಗೆ ಹಾಕುವುದು.

ಒಂದರಲ್ಲಿ ನಮ್ಮ ಟ್ಯಾಂಕು ನಡುವಿನಲ್ಲಿ, ಸುತ್ತ ವೈರಿಗಳು. ಕಣ್ಣು ಮಿಟುಕಿಸುವುದರೊಳಗೆ ಸತ್ತದ್ದೇ. "ಇದೆಂತ, ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ" ಎಂದಳು. ಇನ್ನೊಂದರಲ್ಲಿ ಊರು ಬಹಳ ದೊಡ್ಡದು, ಎಣ್ಣೆ ಬೇಗ ಮುಗಿಯುತ್ತದೆ, ಎಲ್ಲೆಲ್ಲೋ ಹೋಗಿ ತುಂಬಿಸಬೇಕು. "ಯುದ್ಧವಾ, ಪೆಟ್ರೋಲ್ ಪಂಪ್ ಹುಡುಕುದಾ?" ಮತ್ತೊಂದರಲ್ಲಿ ಚಿತ್ರ ಬಹಳ ಚಂದ, ಮರ, ಹೊಳೆ, ಹೊಳೆ ದಾಟುವ ಸಂಕ ಎಲ್ಲ ಉಂಟು. ಆದರೆ ಆಡುವವರು ಒಬ್ಬರೇ. "ನಾನು ಆಡುವಾಗ ಸೇವಂತಿ ಎಂತ ಮಾಡುದು, ಬೀಸಣಿಗೆ ಹಾಕುದಾ?"

ಕೊನೆಗೆ ಒಂದು ಸಿಕ್ಕಿತು. ಇಟ್ಟಿಗೆ ಗೋಡೆಗಳು, ಎರಡೇ ಟ್ಯಾಂಕು, ಒಂದು ಬಿಳಿ, ಒಂದು ನೀಲಿ. ಗುಂಡು ಗೋಡೆಗೆ ಬಡಿದು ಕೇರಂ ಪಾನಿನ ಹಾಗೆ ತಿರುಗಿ ಬರುತ್ತದೆ. ಹಿಂದಿನದ್ದೇ ಅಲ್ಲ, ಆದರೆ ಅದರ ತಂಗಿಯ ಹಾಗೆ. ಒಂದೇ ಮೊರದಲ್ಲಿ ಇಬ್ಬರು ಬೀಡಿ ಕಟ್ಟುವಂತೆ ಒಂದೇ ಕೀಬೋರ್ಡಿನ ಎಡಬದಿಗೆ ನಾನು, ಬಲಬದಿಗೆ ಅವಳು ಕೂತೆವು. ಎಡಗೈಯಲ್ಲಿ ಓಡಿಸುವುದು, ಬಲಗೈಯಲ್ಲಿ ಗುಂಡು ಹೊಡೆಯುವುದು. ಅವಳ ಗುಂಡಿನ ಕೀಲಿ ಅರಬಿಯ ಮೀಮ್ ಅಕ್ಷರ.

ಆಡಿದೆವು. ಗೆದ್ದಳು. ಮತ್ತೆ ಆಡಿದೆವು, ಮತ್ತೆ ಗೆದ್ದಳು. ಮರುದಿನವೂ ಅವಳೇ. ಆದರೆ ಬಲಗೈ ಮಡಿಲಿನಿಂದ ಏಳಲೇ ಇಲ್ಲ. ಎಡಗೈಯಲ್ಲೇ ಟ್ಯಾಂಕು ತಂದು ನಿಲ್ಲಿಸುತ್ತಿದ್ದಳು, ಅದೇ ಎಡಗೈಯನ್ನು ಎತ್ತಿ ತಂದು ಮೀಮ್ ಒತ್ತುತ್ತಿದ್ದಳು. ಅಷ್ಟು ಹೊತ್ತೂ ನನ್ನ ಟ್ಯಾಂಕು ಗೋಡೆಯ ಬದಿಯಲ್ಲಿ ಕಾಯುತ್ತಿತ್ತು. ಕೈ ಮುರಿದವಳ ಮೇಲೆ ಗುಂಡು ಹಾರಿಸಲು ನನಗೆ ಮನಸ್ಸು ಬರಲಿಲ್ಲ.

ಮೂರನೆಯ ದಿನ ಅವಳು ಆಕಳಿಸಿದಳು. "ಟಿವಿ ಬಂದ್ ಮಾಡು ಅಮೀರಾ. ಆ ಆಟದ ರುಚಿ ಇದಕ್ಕಿಲ್ಲ."

"ಉಮ್ಮ, ಇದಕ್ಕಿಂತ ಒಳ್ಳೆಯದು ಇಲ್ಲವಂತೆ. ಎಲ್ಲರೂ ಹೇಳ್ತಾರೆ."

"ಎಲ್ಲರೂ ಸೇವಂತಿಯ ಜೊತೆ ಆಡ್ಲಿಲ್ಲ. ಇವಳನ್ನು ನೋಡು, ಮದುವೆಗೆ ಬಂದವಳ ಹಾಗೆ ಬದಿಯಲ್ಲಿ ನಿಂತದ್ದೇ ನಿಂತದ್ದು. ಇದಕ್ಕಿಂತ ಆ ಬೆಕ್ಕಿನ ಚೆಂಡೇ ಆಗಬಹುದು."

ಅಮೀರಾ ವಯರು ಸುತ್ತತೊಡಗಿದಳು. ಅವಳ ರಜೆ ಮುಗಿಯುತ್ತ ಬಂದಿತ್ತು. ಮಡಿಲಲ್ಲಿದ್ದ ಆ ಕೈಯನ್ನು ನೋಡಿದೆ. ಬೆರಳುಗಳು ಬಾಳೆಗೊನೆಯ ಕಾಯಿಗಳ ಹಾಗೆ ಒಟ್ಟಿಗೆ ಅಂಟಿಕೊಂಡಿದ್ದವು. ಹಿಂದಿನ ಆಟಕ್ಕೆ ಎಂತ ರುಚಿ ಇತ್ತು ಎಂದು ಯೋಚಿಸಿದೆ. ಚಿತ್ರ ಇದಕ್ಕಿಂತ ಕೆಟ್ಟದಿತ್ತು. ಶಬ್ದ ಕೇಳಿದರೆ ಕಲಂದರಣ್ಣ ಹೊರಗೆ ಹೋಗುತ್ತಿದ್ದರು. ಮತ್ತೆ ನಾವು ನಗುತ್ತಿದ್ದದ್ದು, ಬೈಯುತ್ತಿದ್ದದ್ದು, ಸೋತವಳನ್ನು ಅಡುಗೆಮನೆಗೆ ದೂಡುತ್ತಿದ್ದದ್ದು ಯಾಕೆ?

ನಾನು ಎದ್ದು ಒಳಗೆ ಹೋದೆ. ಕಾಯಿ ತುರಿಯುವ ಹೆರೆಮಣೆಯನ್ನೂ ಒಂದು ಬಟ್ಟಲನ್ನೂ ತಂದು ಟಿವಿಯ ಎದುರು ಇಟ್ಟೆ. ಒಂದು ತೆಂಗಿನಕಾಯಿ ಒಡೆದು ಎರಡು ಹೋಳನ್ನೂ ಪಕ್ಕದಲ್ಲಿ ಇಟ್ಟೆ.

ಬೀಫಾತುಮ್ಮ ಒಂದು ಸಲ ಕಾಯಿಯನ್ನು ನೋಡಿದಳು, ಒಂದು ಸಲ ನನ್ನನ್ನು. ಮುಖದಲ್ಲಿ ನಗು ಸಣ್ಣಗೆ ಹೊರಟಿತು.

"ಇದೆಂತ ಸೇವಂತಿಯಕ್ಕ?" ಎಂದಳು ಅಮೀರಾ.

"ನಮ್ಮ ಆಟದಲ್ಲಿ ಸೋತವರು ಕಾಯಿ ಹೆರೆಯುದು. ಒಂದು ಆಟಕ್ಕೆ ಒಂದು ಹೋಳು."

"ಉಮ್ಮನ ಕೈಯಲ್ಲಿ..."

"ಕೈಯ ಸಂಗತಿ ಹೆರೆಮಣೆ ಕೇಳುದಿಲ್ಲ. ಟಿವಿ ಹಾಕು."

ಈ ಸಲ ನಾನು ಗೋಡೆಯ ಬದಿಯಲ್ಲಿ ನಿಲ್ಲಲಿಲ್ಲ. ಶುರುವಾದ ಕೂಡಲೇ ನಡುದಾರಿಗೆ ನುಗ್ಗಿದೆ. ಅವಳ ಎಡಗೈ ಮೀಮಿಗೆ ಬರುವ ಮೊದಲೇ ನನ್ನ ಗುಂಡು ಗೋಡೆಗೆ ಬಡಿದು, ತಿರುಗಿ, ಅವಳ ಬೆನ್ನಿಗೆ ಬಿತ್ತು. ಬಿಳಿ ಟ್ಯಾಂಕು ಚೂರುಚೂರು.

"ಅಯ್ಯೋ ಕೊಂದಳು!" ಎಂದಳು ಬೀಫಾತುಮ್ಮ. "ಕೈ ಮುರಿದವಳನ್ನು ಬೆನ್ನಿಗೆ ಹೊಡೀತೀಯಾ? ನಾಚಿಕೆ ಉಂಟಾ ನಿನಗೆ?"

"ನಾಚಿಕೆ ಮತ್ತೆ. ಮೊದಲು ಕಾಯಿ."

"ಸೋತವರು ಹೆರೆಯುದು ನಿಯಮ" ಎಂದರು ಬಾಗಿಲಿನಿಂದ ಕಲಂದರಣ್ಣ. "ನನ್ನನ್ನೂ ಹಿಂದೆ ಬಿಟ್ಟಿರಲಿಲ್ಲ. ಪೇಟೆಯಿಂದ ಬಂದ ನೆಂಟರ ಎದುರಿಗೆ ಹೆರೆಸಿದ್ದಳು."

"ನೀವು ಸುಮ್ಮನಿರಿ. ಇನ್ನೊಂದು ಹೋಳು ಉಂಟಲ್ಲ? ಈ ಆಟ ಸೋತವರು ಎರಡನ್ನೂ ಹೆರೆಯುದು. ಆಗ್ತದಾ?"

"ಆಗ್ತದೆ."

ಅವಳು ಶಾಲಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಟ ಶುರುವಾಯಿತು. ನಾನು ಎಡದಿಂದ ಬಂದರೆ ಅವಳು ಇಟ್ಟಿಗೆಯ ಹಿಂದೆ. ನಾನು ಇಟ್ಟಿಗೆ ಒಡೆದರೆ ಅವಳು ಆಗಲೇ ಮೇಲಿನ ದಾರಿಯಲ್ಲಿ. ನಾನು ನಿಜವಾಗಿಯೇ ಆಡಿದೆ. ನನಗೂ ಎರಡು ಹೋಳು ಹೆರೆಯುವ ಆಸೆ ಇರಲಿಲ್ಲ. ಒಂದು ಸಲ ಗುಂಡು ಅವಳ ಮೂಗಿನ ಎದುರಿನಿಂದ ಹೋಯಿತು. "ತಪ್ಪಿತು, ತಪ್ಪಿತು! ಕಣ್ಣಿಗೆ ಕನ್ನಡಕ ಹಾಕು ಮುದುಕಿ!" ಎಂದು ಕೂಗಿದಳು. ಕೊನೆಗೆ ಅವಳನ್ನು ಮೂಲೆಗೆ ಒತ್ತಿದೆ. ಅವಳ ಎಡಗೈ ಈಗ ಓಡಿಸುವ ಕೀಲಿಗಳನ್ನು ಬಿಡುವ ಹಾಗಿರಲಿಲ್ಲ. ಬಿಟ್ಟರೆ ಸತ್ತಳು. ನಾನು ಗುಂಡಿನ ಕೀಲಿಗೆ ಬೆರಳು ಇಟ್ಟೆ.

ಅಷ್ಟರಲ್ಲಿ ನೀಲಿ ಟ್ಯಾಂಕು ಢಂ ಎಂದು ಸಿಡಿಯಿತು. ಅದು ನನ್ನದು.

ನಾನು ಕೀಬೋರ್ಡು ನೋಡಿದೆ. ಅವಳ ಬಲಗೈಯ ನಡುಬೆರಳು ಮೀಮಿನ ಮೇಲಿತ್ತು. ಬಾಗಿ, ಗಟ್ಟಿಯಾಗಿ ಒತ್ತಿಕೊಂಡು, ಹಿಂದೆ ನೂಲಿನ ತುದಿ ಒತ್ತಿ ಹಿಡಿಯುತ್ತಿದ್ದ ಹಾಗೆ. ಅವಳ ಕಣ್ಣು ಮಾತ್ರ ಟಿವಿಯ ಮೇಲಿತ್ತು, ಕೈಯ ಕಡೆಗೆ ಇರಲಿಲ್ಲ.

ಅಮೀರಾ ಬಾಯಿ ತೆರೆದಳು. ನಾನು ಅವಳ ತೊಡೆಗೆ ಒಂದು ಚಿವುಟಿದೆ. ಹುಡುಗಿ ಬಾಯಿ ಮುಚ್ಚಿದಳು.

"ಹೋಗು, ಹೆರೆ" ಎಂದಳು ಬೀಫಾತುಮ್ಮ. "ಎರಡೂ. ಸಣ್ಣಕ್ಕೆ ಹೆರೆಯಬೇಕು, ಕರಟ ತಾಗಬಾರದು. ಆ ಕಪ್ಪು ಬಂದರೆ ನಾನು ಒಪ್ಪುದಿಲ್ಲ."

ನಾನು ಹೆರೆಮಣೆಯ ಮೇಲೆ ಕೂತೆ. ಮಂಡಿ ನೋಯುತ್ತಿತ್ತು. ಎದುರಿನಲ್ಲಿ ಅವಳು ರಾಣಿಯ ಹಾಗೆ ಕಾಲು ಚಾಚಿ ಕೂತು, ಹೇಗೆ ನನ್ನನ್ನು ಮೂಲೆಗೆ ಕರೆತಂದು ಮೋಸ ಮಾಡಿದ್ದು ಎಂದು ಗಂಡನಿಗೆ ಬಣ್ಣ ಬಣ್ಣವಾಗಿ ಹೇಳುತ್ತಿದ್ದಳು. ಬಟ್ಟಲಿನಲ್ಲಿ ಬಿಳಿ ತುರಿ ಏರುತ್ತಾ ಬಂತು.

ಹೇಳುವ ಭರದಲ್ಲಿ ಅವಳು ಮುಂದಕ್ಕೆ ಬಾಗಿದಳು. ಬಲಗೈಯನ್ನು ಚಾಚಿ, ಮೂರು ಬೆರಳು ಕೂಡಿಸಿ, ನನ್ನ ಬಟ್ಟಲಿನಿಂದ ಒಂದು ಚಿಟಿಕೆ ತುರಿ ಎತ್ತಿ ಬಾಯಿಗೆ ಹಾಕಿಕೊಂಡಳು.

"ದಪ್ಪ ಆಯ್ತು" ಎಂದಳು. "ನಾಳೆ ಗೆಲ್ಲಿಕ್ಕೆ ನೋಡು."