ಪುಟದ ಮೇಲೆ ಮುನಿಲಕ್ಷ್ಮಿ

ಹೈವೇಲಿ ಟೊಮೇಟೊ ಲಾರಿ ಹೋದಾಗೆಲ್ಲ ಸ್ಕ್ರೀನು ಸಣ್ಣಗೆ ನಡುಗುತ್ತೆ, ಪುಟ ನಡುಗುತ್ತೆ, ಪುಟದ ಅಂಚಲ್ಲಿರೋ ಬೆರಳೂ ಅಲ್ಲಾಡಿದ ಹಾಗೆ — ಫೋಟೋ ಅದು ರಜನಿ, ಫೋಟೋ ಅಲ್ಲಾಡಲ್ಲ, ಅಂತ ನನಗೆ ನಾನೇ ಹೇಳ್ಕೋತೀನಿ, ಆದ್ರೆ ಈ ಉಗುರು, ಅರ್ಧ ಸವೆದ ಕೆಂಪು, ಚಿಕ್ಕಪ್ಪನ ಮಗಳು ರಮ್ಯನ ಮದುವೆಗೆ ನಾನೇ ಹಚ್ಚಿದ್ದು, ನನ್ನ ತಂಗಿ ಮುನಿಲಕ್ಷ್ಮಿ ಬೆರಳು, ಈಗ ಎಲ್ಲೂ ಇಲ್ಲದ ಬೆರಳು. ನ್ಯಾಷನಲ್ ಲೈಬ್ರರಿ ಪುಸ್ತಕಗಳು ಲಾರಿಗಟ್ಟಲೆ ಮುಳಬಾಗಿಲಿಗೆ ಬಂದಾಗ ಇಬ್ರೂ ಒಟ್ಟಿಗೇ ಸ್ಕ್ಯಾನಿಂಗ್ ಕೆಲಸಕ್ಕೆ ಸೇರಿದ್ವಿ, ಅವಳು ಪುಟ ಒತ್ತಿ ಹಿಡಿದು ಸ್ಕ್ಯಾನ್ ಮಾಡೋದು, ನಾನಿಲ್ಲಿ ಕೂತು ತಪ್ಪು ಹುಡುಕೋದು, ಬೈರಕೂರಿಂದ ಒಂದೇ ಬಸ್ಸು, ಊಟಕ್ಕೆ ಒಂದೇ ಡಬ್ಬಿ, ಆಮೇಲೆ ಆ ದಿನ, ಹೊಲಿಗೆ ಬಿಟ್ಟ ಪುಸ್ತಕದ ಅಂಚು ಕತ್ತರಿಸೋ ಮಿಷನ್ನಿಗೆ ಜನ ಇಲ್ಲ, ನೀನು ನಿಂತ್ಕೋಮ್ಮ ಅಂದ್ರು ಸೂಪರ್‌ವೈಸರ್ ವೆಂಕಟ್, ನಿಂತಳು, ಕಿರುಚಲೂ ಇಲ್ಲ, ಅಕ್ಕಾ ಅಂದಳು ಅಷ್ಟೆ, ತುಂಡಾದ ಬೆರಳನ್ನ ಕೋಲಾರದ ಆಸ್ಪತ್ರೆವರೆಗೂ ಕರ್ಚೀಫಲ್ಲಿ ಸುತ್ತಿ ಮಡಿಲಲ್ಲಿಟ್ಕೊಂಡಿದ್ದೆ, ಕೂಡಿಸಕ್ಕಾಗಲ್ಲಮ್ಮ ಅಂದ್ರು ಡಾಕ್ಟರು, ಆ ಕರ್ಚೀಫು ಎಲ್ಲಿ ಹೋಯ್ತು, ಯಾರು ತಗೊಂಡ್ರು, ಕೇಳಲೇ ಇಲ್ಲ ನಾನು.

ಬೆರಳು ಬಿದ್ದ ಪುಟ ರಿಜೆಕ್ಟ್ ಮಾಡಿ, ಸಂಜೆ ಪುಸ್ತಕ ವಾಪಸ್ ಹೋಗುತ್ತೆ, ಅಂತ ಬೆನ್ನ ಹಿಂದೇನೇ ನಿಂತವರೆ ವೆಂಕಟ್, ಮಾಡ್ತೀನಿ ಸಾರ್, ರಿಜೆಕ್ಟ್ ಒತ್ತಿದ್ರೆ ಹೊಸದಾಗಿ ತೆಗೀತಾರೆ, ಇದು ಅಳಿದುಹೋಗುತ್ತೆ, ಸರಿ ಅಂತ ಕಳಿಸಿಬಿಟ್ರೆ ದೇಶದ ಲೈಬ್ರರೀಲೇ ಉಳಿಯುತ್ತೆ, ಈ ಮಾವಿನ ಕಸಿ ಪುಸ್ತಕ ತೆಗೆದೋರಿಗೆಲ್ಲ ಕಾಣುತ್ತೆ, ಕಾಣಲಿ ಬಿಡು, ಯಾರಿಗೇನು — ನೀರು ಕುಡಿಯೋ ನೆಪದಲ್ಲಿ ಎದ್ದು ಮುನಿಲಕ್ಷ್ಮಿಗೆ ಫೋನ್ ಮಾಡಿದೆ, ಮನೇಲಿ ಎಡಗೈಲಿ ಅವರೆಕಾಯಿ ಬಿಡಿಸ್ತಾ ಇದ್ದಳಂತೆ, ಪುಟದ ಮೇಲೆ ನಿನ್ನ ಬೆರಳೈತೆ ಅಂತ ಹೇಳಿದೆ, ಕೇಳಿದಳು, ಅದ್ರ ಕೆಳಗೆ ಏನು ಬರೆದೈತೆ ಅಕ್ಕಾ, ಕಾಣಿಸ್ತಿಲ್ಲ ಕಣೇ, ನಿನ್ನ ಬೆರಳೇ ಅಡ್ಡ ಐತಲ್ಲ. ಹಂಗಾದ್ರೆ ತೆಗೆದುಬಿಡು, ಓದೋರಿಗೆ ಬೇಕಲ್ಲ, ಪೋನೀಲೇ. ಪೋನೀಲೇ ಅಂತೆ, ಹೋಗ್ಲಿ ಬಿಡು ಅಂತೆ, ಎಷ್ಟು ಸುಲಭವಾಗಿ ಅಂದಳು, ನಾನು ವಾಪಸ್ ಬಂದು ಕೂತೆ, ರಿಜೆಕ್ಟ್ ಒತ್ತಿದೆ. ಹೊಸ ಪುಟ ಬಂತು, ಚೊಕ್ಕವಾಗಿ, ಅಂಚೆಲ್ಲ ಬೆಳ್ಳಗೆ, ಆ ಸಾಲೂ ಈಗ ಪೂರ್ತಿ ಇದೆ, ಕಸಿ ಕಟ್ಟಿದ ಮೇಲೆ ಅಂತ ಶುರುವಾಗುತ್ತೆ, ಕಸಿ ಕಟ್ಟಿದ ಮೇಲೆ, ಮುಂದಕ್ಕೆ ಓದಕ್ಕಾಗ್ತಿಲ್ಲ, ಕಸಿ ಕಟ್ಟಿದ ಮೇಲೆ, ಅಲ್ಲೇ, ಅಕ್ಷರದ ಮೇಲೆ, ನನಗೊಬ್ಬಳಿಗೇ ಕಾಣೋ ಉಗುರು, ಅರ್ಧ ಸವೆದ ಕೆಂಪು —