ಗಿಡ್ಡಕಾಲಿನ ಬೀಗತನ

ಈಗ ಹುಲ್ಲಹಳ್ಳಿಯಿಂದ ತಿ. ನರಸೀಪುರದವರೆಗೆ ಯಾವ ಬೀದಿಗೆ ಹೋದರೂ ಗಿಡ್ಡಕಾಲಿನ ಉದ್ದ ನಾಯಿಯೊಂದು ಎದುರಾಗುತ್ತದೆ. ಎಲ್ಲ ನನ್ನ ಪುಟ್ಟಿಯ ಮಕ್ಕಳು, ಮೊಮ್ಮಕ್ಕಳು. ಕೆಲವರು ಮೈಸೂರಿನಿಂದ ತರಿಸಿದ್ದು ಎಂದು ಜಂಬ ಕೊಚ್ಚುತ್ತಾರೆ. ಕೊಚ್ಚಲಿ. ಆ ಮೂತಿ, ಆ ಗತ್ತು ನೋಡಿದರೆ ನನಗೆ ಗೊತ್ತಾಗುವುದಿಲ್ಲವೇ?

ಪುಟ್ಟಿ ನಮ್ಮೂರಿಗೆ ಬಂದದ್ದು ನನ್ನ ಮಗ ಶಿವಮೂರ್ತಿಯ ಕೈಚೀಲದಲ್ಲಿ. ಅವನು ತಾಂಡವಪುರದ ಹತ್ತಿರ ಯಾರದೋ ಫಾರ್ಮ್‌ಹೌಸಿನಲ್ಲಿ ತೋಟ ನೋಡಿಕೊಳ್ಳುತ್ತಿದ್ದ. ಅವರು ಜಾಗ ಮಾರಿ ಹೊರಟಾಗ ಈ ಮರಿಯನ್ನು ನೀನೇ ಸಾಕಿಕೋ ಎಂದು ಕೊಟ್ಟರಂತೆ. ಚೀಲದಿಂದ ಮೊದಲು ತಲೆ ಬಂತು. ಆಮೇಲೆ ಮೈ ಬಂತು. ಮೈ ಬರುತ್ತಲೇ ಇತ್ತು. ಬಾಲ ಕಾಣಿಸುವ ಹೊತ್ತಿಗೆ ಒಲೆಯ ಮೇಲಿನ ನನ್ನ ಹಾಲೆಲ್ಲ ಉಕ್ಕಿ ಹೋಗಿತ್ತು.

"ಲೇ, ಇದ್ರ ಕಾಲ್ನ ಎಲ್ಲಿ ಬುಟ್ಬಂದ್ಲಾ?" ಎಂದೆ.

"ಇರದೇ ಅಷ್ಟು ಕಣವ್ವ. ಫಾರಿನ್ ಜಾತಿ."

"ಫಾರಿನ್ನಲ್ಲಿ ಅಷ್ಟೊಂದ್ ಬರಗಾಲವಾ?"

ಊರೆಲ್ಲ ನೋಡಲು ಬಂತು. ಪಕ್ಕದ ಮನೆಯ ಶಿವನಂಜಮ್ಮನಿಗೆ ನಾಲಗೆ ಸುಮ್ಮನಿರುವುದಿಲ್ಲ. "ಅಕ್ಕಾ, ಯಾರೋ ಎರಡ್ ನಾಯಿನ ಸೇರ್ಸಿ ಒಲ್ದವ್ರೆ. ಕಾಲ್ ಮಾತ್ರ ಒಂದೇ ನಾಯೀದು ಆಕವ್ರೆ," ಎಂದಳು. ನಾನೂ ನಕ್ಕೆ. ಆದರೆ ಪುಟ್ಟಿ ಓಡಾಡತೊಡಗಿದ ಮೇಲೆ ಅವಳ ಹೊಟ್ಟೆಯೇ ಅಂಗಳ ಗುಡಿಸುತ್ತಿತ್ತು. ಆ ವರ್ಷವೆಲ್ಲ ನಾನು ಪೊರಕೆ ಕೊಂಡಿಲ್ಲ.

ಅವಳ ನಿಜವಾದ ಬೆಲೆ ಗೊತ್ತಾದದ್ದು ಗದ್ದೆಯಲ್ಲಿ. ಕಾಲುವೆಯ ಪಕ್ಕ ನನಗೊಂದು ತುಂಡು ಗದ್ದೆ, ಅದರ ಅಂಚಿಗೆ ಒಂದಿಷ್ಟು ರಸಬಾಳೆ. ನಮ್ಮ ಯಜಮಾನರು ಇದ್ದ ಕಾಲದಿಂದಲೂ ಅಲ್ಲಿ ಹೆಗ್ಗಣಗಳದ್ದೇ ದರ್ಬಾರು. ಒಂದೊಂದೂ ಕರುವಿನ ಗಾತ್ರ. ಒಂದಕ್ಕಂತೂ ನಮ್ಮ ಯಜಮಾನರಿಗಿಂತ ಚೆನ್ನಾದ ಮೀಸೆ ಇತ್ತು. ಬದುವಿನಲ್ಲಿ ಬಿಲ ತೋಡಿ ಕಟ್ಟಿದ ನೀರನ್ನೆಲ್ಲ ಪಕ್ಕದವರ ಗದ್ದೆಗೆ ಹರಿಸುತ್ತಿದ್ದವು. ಬಾಳೆಯ ಬುಡ ತೋಡಿ, ಗೊನೆ ಬಿಟ್ಟ ಗಿಡವನ್ನು ಮಲಗಿಸುತ್ತಿದ್ದವು. ಬೋನು ಇಟ್ಟರೆ ಒಳಗಿನ ತೆಂಗಿನಕಾಯಿ ತಿಂದು, ಬೋನನ್ನೂ ಎಳೆದುಕೊಂಡು ಹೋಗುತ್ತಿದ್ದವು.

ಪುಟ್ಟಿ ಒಂದು ದಿನ ಬಿಲದ ಬಾಯಿ ಮೂಸಿದಳು. ಒಳಗೆ ನುಗ್ಗಿದಳು. ಹೊರಗೆ ಬಾಲ ಮಾತ್ರ ಉಳಿಯಿತು. ನೆಲದೊಳಗಿಂದ ಗುಡುಗಿನಂಥ ಸದ್ದು. ಸ್ವಲ್ಪ ಹೊತ್ತಿಗೆ ಹಿಂದೆ ಹಿಂದೆ ಸರಿದು ಬಂದಳು, ಬಾಯಲ್ಲಿ ಆ ಮೀಸೆ ಹೆಗ್ಗಣ! ಅವತ್ತಿನಿಂದ ನನ್ನ ಗದ್ದೆಯಲ್ಲಿ ನೀರು ನಿಂತಿತು. ನಕ್ಕವರೆಲ್ಲ ಎತ್ತು ಕೇಳಲು ಬಂದಂತೆ ಪುಟ್ಟಿಯನ್ನು ಕೇಳಿಕೊಂಡು ಬಂದರು. ಶಿವನಂಜಮ್ಮ ಎಲ್ಲರಿಗಿಂತ ಮೊದಲು.

ಹೀಗೆ ಇರುವಾಗ ಪುಟ್ಟಿಯ ಮೂತಿ ನರೆಯತೊಡಗಿತು. ನನಗೆ ಚಿಂತೆ ಹತ್ತಿತು. ಇವಳು ಹೋದರೆ ಮತ್ತೆ ಹೆಗ್ಗಣಗಳ ಕಾಲ. ಇವಳ ಹೊಟ್ಟೆಯಲ್ಲಿ ಒಂದು ಮರಿಯಾದರೂ ಆಗಬೇಕು, ಅದೂ ಇಂಥದ್ದೇ ಕಾಲಿನದು. ಊರಿನ ಗಂಡುಗಳು ಅವಳ ಸುತ್ತ ತಿರುಗಿದ್ದವು. ಮೇಲಿನಿಂದ ನೋಡಿ, ಇದಕ್ಕೆ ಗುಂಡಿ ತೋಡಿ ಇಳಿಯಬೇಕು ಎಂದು ತಿಳಿದು ಬೇರೆ ಬೀದಿಗೆ ಹೋಗಿದ್ದವು. ಹೋದದ್ದೇ ಒಳ್ಳೆಯದಾಯಿತು. ಉದ್ದಕಾಲಿನ ಮರಿ ಹುಟ್ಟಿದರೆ ಬಿಲದೊಳಗೆ ಹೋಗುವುದು ಯಾರು, ನಾನೇ?

ನಂಜನಗೂಡಿನ ದನದ ಆಸ್ಪತ್ರೆಯ ಡಾಕ್ಟರಮ್ಮ ನಂದಿತಾ ಅವರ ಹತ್ತಿರ ಕರೆದುಕೊಂಡು ಹೋದೆ.

"ಅಜ್ಜಿ, ಇದು ಜರ್ಮನಿ ನಾಯಿ. ಅಲ್ಲಿ ಬಿಲದೊಳಗೆ ನುಗ್ಗಿ ಬೇಟೆಯಾಡೋಕೆ ಅಂತಲೇ ಈ ತಳಿ ಬೆಳೆಸಿದ್ದು," ಎಂದರು.

"ಅಲ್ಲೂ ಎಗ್ಗಣದ ಕಾಟ್ವಾ? ಪಾಪ. ನಮ್ಗೊಬ್ರಿಗೆಯಾ ಅನ್ಕಂಡಿದ್ದೆ ಕಣವ್ವ."

"ನರಸೀಪುರದ ದಿನಸಿ ಅಂಗಡಿ ಶಿವಸ್ವಾಮಿ ಅವರ ಮನೇಲಿ ಒಂದು ಗಂಡಿದೆ. ಎರಡು ತಾಲ್ಲೂಕಿಗೂ ನಾನು ನೋಡಿರೋದು ಅದೊಂದೇ. ಆದರೆ ಮನೆಯಮ್ಮ ಚನ್ನಬಸಮ್ಮ ಒಪ್ಪಬೇಕು."

ಮಾರನೆಯ ದಿನವೇ ಬಸ್ಸು ಹತ್ತಿದೆ. ಗಂಡು ಜಗಲಿಯ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿತ್ತು. ಹೆಸರು ಟೈಗರ್. ಮೈ ಎಣ್ಣೆ ಹಚ್ಚಿದಂತೆ ಮಿರಮಿರ ಎನ್ನುತ್ತಿತ್ತು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಮುಂದೆ ಬೆಳ್ಳಿ ಬಟ್ಟಲಿನಲ್ಲಿ ಮೊಸರನ್ನ. ನನಗೆ ಕಾಫಿ ಪೇಪರ್ ಲೋಟದಲ್ಲಿ ಬಂತು.

"ನಿಮ್ಮ ನಾಯಿ ಊಟಕ್ಕೆ ಏನು?" ಎಂದು ಚನ್ನಬಸಮ್ಮ ಕೇಳಿದರು.

"ಮುದ್ದೆ ತಿಂತದೆ, ಸಾರು ತಿಂತದೆ, ಮೀನು ಅಂದ್ರೆ ಪ್ರಾಣ ಬುಡ್ತದೆ."

"ಶಿವಶಿವಾ! ನಮ್ಮ ಟೈಗರ್ ಹುಟ್ಟಿದಾಗಿನಿಂದ ಮೊಟ್ಟೆಯ ಮುಖ ನೋಡಿಲ್ಲ. ಸೋಮವಾರ ಒಪ್ಪತ್ತು ಬೇರೆ."

ಮೂಲೆಯಲ್ಲಿ ಕುಳಿತಿದ್ದ ಶಿವಸ್ವಾಮಿಯವರ ಮುಖಕ್ಕೆ ಪೇಪರು ಅಡ್ಡ ಇತ್ತು. ಆದರೆ ಆ ಪೇಪರು ಅಲುಗಾಡುತ್ತಿತ್ತು, ನಗುತ್ತಿದ್ದರು ಎಂದು ಕಾಣುತ್ತದೆ.

ನನಗೆ ಹೊಸ ಭಯ ಹುಟ್ಟಿತು. ಮೊಸರನ್ನದ ಅಪ್ಪನಿಗೆ ಹುಟ್ಟಿದ ಮರಿ ಬಿಲದ ಮುಂದೆ ಕುಳಿತು ಉಪ್ಪಿನಕಾಯಿ ಕೇಳಿದರೆ ಏನು ಗತಿ? ಆದರೂ ಬೇರೆ ಗಂಡು ಎಲ್ಲಿದೆ? ಅವರಿಗೂ ಟೈಗರನ ವಂಶ ಬೆಳೆಯಬೇಕೆಂಬ ಆಸೆ ಇತ್ತು, ಹೊರಗೆ ತೋರಿಸಲಿಲ್ಲ ಅಷ್ಟೆ. ಕೊನೆಗೆ ಚನ್ನಬಸಮ್ಮ ತೀರ್ಮಾನ ಹೇಳಿದರು. "ಮೀನು ತಿನ್ನೋ ನಾಯಿ ನಮ್ಮ ಹೊಸಿಲು ದಾಟೋ ಹಾಗಿಲ್ಲ. ನಾವೇ ಟೈಗರನ್ನ ಕರ್ಕೊಂಡು ಬರ್ತೀವಿ. ಅವನು ಇರೋವರೆಗೆ ನಿಮ್ಮ ಮನೇಲಿ ಅದೆಲ್ಲ ಬೇಯಿಸಬಾರದು. ಅವನು ಅದರಲ್ಲಿ ಬಾಯಿ ಹಾಕಿದ ಅಂತ ಗೊತ್ತಾದ್ರೆ ಆ ಕ್ಷಣವೇ ಕರ್ಕೊಂಡು ಹೊರಟೆ."

"ಗಂಡು ಎಣ್ಣಿನ ಮನೆಗ್ ಬರದೇ ಸರಿ. ಆಗ್ಲಿ ಬುಡಿ ಬೀಗ್ತೀರೇ," ಎಂದೆ.

ಅವರ ಮುಖ ಬಿಗಿಯಿತು. "ಬೀಗ್ತಿ ಗೀಗ್ತಿ ಎಲ್ಲ ಬೇಡ. ಹೆಸರು ಹಿಡಿದು ಕರೀರಿ ಸಾಕು."

ಪುಟ್ಟಿ ಬೆದೆಗೆ ಬಂದಾಗ ಫೋನ್ ಮಾಡಿಸಿದೆ. ಅಂಗಡಿಯ ಓಮ್ನಿ ಬಂತು. ಅದರಿಂದ ಟೈಗರ್ ಇಳಿದ. ಹಿಂದೆಯೇ ಅವನ ಹಾಸಿಗೆ, ಅವನ ಬಟ್ಟಲು, ಅವನ ತುಪ್ಪದ ಡಬ್ಬಿ, ಅವನ ಮೊಸರಿನ ಕುಡಿಕೆ ಇಳಿದವು. ನನ್ನ ಮದುವೆಯಲ್ಲಿ ನನ್ನ ಹಿಂದೆ ಒಂದು ಟ್ರಂಕು ಇಳಿದಿತ್ತು.

ಗಂಡು ನಮ್ಮ ಅಂಗಳದ ಮಣ್ಣಿಗೆ ಕಾಲಿಡಲಿಲ್ಲ. ಹಾಸಿಗೆಯ ಮೇಲೆ ಮಲಗಿ ಹೂಸು ಬಿಡುವುದೊಂದೇ ಕೆಲಸ. ಪುಟ್ಟಿ ಒಮ್ಮೆ ಹತ್ತಿರ ಹೋಗಿ ಮೂಸಿದಳು. ಮೊಸರಿನ ವಾಸನೆಗೋ ವಿಭೂತಿಗೋ, ಎರಡು ಸಲ ಸೀನಿ ಬೆನ್ನು ತಿರುಗಿಸಿದಳು. ಅವನು ಸ್ವಲ್ಪ ಹತ್ತಿರ ಸರಿದರೆ ಗುರ್ ಎಂದು ಹಲ್ಲು ತೋರಿಸುವಳು. ಡಾಕ್ಟರಮ್ಮ ಫೋನಿನಲ್ಲಿ, "ಬೆದೆ ಇಳಿಯೋದರೊಳಗೆ ಆಗಬೇಕು ಅಜ್ಜಿ. ಇವಳ ವಯಸ್ಸಿಗೆ ಇನ್ನೊಂದು ಸಲ ಕಾಯೋ ಹಾಗಿಲ್ಲ," ಎಂದು ಹೆದರಿಸಿದರು.

ಇತ್ತ ನನ್ನ ಬಾಯಿ ಸತ್ತುಹೋಗಿತ್ತು. ಕೊಟ್ಟ ಮಾತಿಗೆ ಬರೀ ಸೊಪ್ಪು, ಬೆಳಗ್ಗೆ ಸೊಪ್ಪು, ಸಾಯಂಕಾಲ ಸೊಪ್ಪು. ನನ್ನ ಹಲ್ಲು ಹಸಿರಾಯಿತು. ಬೀದಿಯ ಮೇಕೆಗಳು ನನ್ನನ್ನು ಕಂಡರೆ ಬೇಲಿಯ ಮುಂದಿನ ಜಾಗ ಬಿಟ್ಟುಕೊಡುತ್ತಿದ್ದವು. ಶಿವನಂಜಮ್ಮ ಬೇಕೆಂದೇ ಹಿತ್ತಿಲಲ್ಲಿ ಒಲೆ ಹಾಕಿ ಮೀನು ಹುರಿದಳು.

"ಅಕ್ಕಾ, ವಾಸ್ನೆ ಕುಡಿಯಕ್ಕಾರೂ ಬೀಗ್ರು ಪರ್ಮಿಷನ್ ಕೊಟ್ಟವ್ರಾ?" ಎಂದು ಕೂಗಿದಳು.

"ನಿನ್ ಬಾಣ್ಲಿ ತೂತ್ ಬೀಳ!" ಎಂದೆ.

ಮಾರನೆಯ ಬೆಳಗ್ಗೆ ನೀರು ತಿರುಗಿಸಲು ಗದ್ದೆಗೆ ಹೊರಟೆ. ಪುಟ್ಟಿ ಮುಂದೆ. ಅರ್ಧ ದಾರಿಯಲ್ಲಿ ಹಿಂದಿರುಗಿ ನೋಡಿದರೆ ಟೈಗರ್! ಒಂದೊಂದು ಕಾಲನ್ನೂ ಬೆಂಕಿಯ ಮೇಲೆ ಇಟ್ಟಂತೆ ಎತ್ತಿ ಎತ್ತಿ ಇಡುತ್ತ ಬರುತ್ತಿದ್ದಾನೆ. ಮನೆಗೆ ಹೋಗು ಎಂದರೆ ಕೇಳಲಿಲ್ಲ. ಅಷ್ಟರಲ್ಲಿ ಪುಟ್ಟಿ ಬದುವಿನ ಬಿಲವೊಂದಕ್ಕೆ ನುಗ್ಗಿದಳು. ಅವನು ಅವಳ ಬಾಲವನ್ನೇ ನೋಡುತ್ತ ನಿಂತ. ಮೂಗು ಅರಳಿತು. ಪಕ್ಕದಲ್ಲೇ ಆ ಬಿಲದ ಇನ್ನೊಂದು ಬಾಯಿ ಇತ್ತು. ವಿಭೂತಿಯ ಸಮೇತ ತಲೆ ಒಳಗೆ ಹೋಯಿತು.

ಅದೇ ಹೊತ್ತಿಗೆ ಕಾಲುವೆ ಏರಿಯ ಮೇಲೆ ಓಮ್ನಿ ನಿಲ್ಲಬೇಕೇ! ಮಗ ಹೇಗಿದ್ದಾನೆ ಎಂದು ನೋಡಲು ಚನ್ನಬಸಮ್ಮ ಹೇಳದೆ ಕೇಳದೆ ಬಂದಿದ್ದರು. ಸೀರೆ ಎತ್ತಿ ಹಿಡಿದು ಬದುವಿನ ಮೇಲೆ ಬರುತ್ತಿದ್ದಾರೆ. ಹಿಂದೆ ಕೊಡೆ ಹಿಡಿದ ಶಿವಸ್ವಾಮಿ.

"ಟೈಗರ್ ಎಲ್ಲಿ?"

ನಾನು ಬದು ತೋರಿಸಿದೆ. ಎರಡು ಬಿಲ, ಎರಡು ಬಾಲ.

ಒಂದು ಬಾಲ ಹಿಂದೆ ಸರಿಯಿತು. ಮೈ ಬಂತು, ಮೈ ಬಂತು, ಕೊನೆಗೆ ತಲೆ ಬಂತು. ವಿಭೂತಿ ಇದ್ದ ಕಡೆ ಕೆಸರು, ಬಾಯಲ್ಲಿ ಸತ್ತ ಹೆಗ್ಗಣ. ಟೈಗರ್ ಅತ್ತಿತ್ತ ನೋಡಿದ, ಚನ್ನಬಸಮ್ಮನನ್ನು ಕಂಡ, ಓಡಿಹೋಗಿ ಅವರ ಪಾದದ ಮೇಲೆ ಅದನ್ನು ಇಟ್ಟು ಬಾಲ ಆಡಿಸಿದ. ಆ ಬಾಲದ ಗಾಳಿಗೆ ಸುತ್ತಲಿನ ಭತ್ತದ ಪೈರು ಮಲಗಿತು.

ನನಗೆ ಒಳಗೊಳಗೆ ಕುಣಿಯುವಷ್ಟು ಖುಷಿ. ರಕ್ತದಲ್ಲಿ ಬೇಟೆ ಇದೆ! ಆದರೆ ಈಗಲೇ ಎತ್ತಿಕೊಂಡು ಹೊರಟರೆ ಪುಟ್ಟಿಯ ವಂಶ ಇವತ್ತಿಗೆ ಮುಗಿಯಿತು. ಚನ್ನಬಸಮ್ಮ ಹೆಗ್ಗಣ ನೋಡಿದರು, ಟೈಗರನ್ನು ನೋಡಿದರು, ನನ್ನನ್ನು ನೋಡಿದರು. ಕಾಲುವೆಯ ನೀರೂ ಹರಿಯುವುದನ್ನು ನಿಲ್ಲಿಸಿತ್ತು ಎನ್ನಿ.

ಶಿವಸ್ವಾಮಿ ಮೆಲ್ಲಗೆ ಕೆಮ್ಮಿದರು. "ಇವಳೇ, ನಮ್ಮ ಗೋಡೌನಲ್ಲೂ ಮೂಟೆ ಎಲ್ಲ ತೂತು ಮಾಡ್ತಾವಲ್ಲ..."

"ನೀವು ಸುಮ್ಮನಿರಿ," ಎಂದು ಚನ್ನಬಸಮ್ಮ ಗದರಿದರು. ಆಮೇಲೆ ಅವರ ಕೈಯ ಕೊಡೆ ಕಿತ್ತುಕೊಂಡು ಬಗ್ಗಿ, ಹೆಗ್ಗಣವನ್ನು ಅದರ ತುದಿಯಿಂದ ಆ ಕಡೆ ಈ ಕಡೆ ಹೊರಳಿಸಿದರು. ಬೆನ್ನು ನೆಟ್ಟಗೆ ಮಾಡಿ ನಿಂತರು.

"ಹಿಡಿದಿದ್ದಾನೆ. ತಿಂದಿಲ್ಲ. ನೋಡಿದ್ರಾ? ಒಂದು ಹಲ್ಲು ಊರಿಲ್ಲ! ತಂದು ನನಗೆ ಒಪ್ಪಿಸಿದ. ಮೊಸರನ್ನ ತಿಂದು ಬೆಳೆದ ಮಕ್ಕಳ ಬುದ್ಧಿ ಹಾಗಿರುತ್ತೆ."

ಹೆಗ್ಗಣದ ಕತ್ತಿನಲ್ಲಿ ನಾಲ್ಕು ಹಲ್ಲಿನ ತೂತು ಇದ್ದವು. ಟೈಗರ್ ಮೀಸೆ ನೆಕ್ಕಿಕೊಳ್ಳುತ್ತಿದ್ದ. ನಾನು ಆಕಾಶ ನೋಡಿದೆ.

"ದಿಟ ಕಣ್ರವ್ವ. ನಮ್ ಪುಟ್ಟಿಗೆ ಈ ಬುದ್ಧಿ ಇಲ್ಲ."

ಅಷ್ಟರಲ್ಲಿ ಪುಟ್ಟಿ ಬರಿಬಾಯಲ್ಲಿ ಹೊರಗೆ ಬಂದಳು. ಬಂದವಳೇ ಟೈಗರನ ಕೆಸರಿನ ಮೂತಿ ಮೂಸಿದಳು. ಈ ಸಲ ಸೀನಲಿಲ್ಲ. ಇಬ್ಬರೂ ಬಾಳೆಗಿಡಗಳ ಮರೆಗೆ ಹೋದರು. ಶಿವಸ್ವಾಮಿ ಕೊಡೆ ವಾಪಸ್ ತೆಗೆದುಕೊಂಡು, ಬಿಚ್ಚಿ ಅಡ್ಡ ಹಿಡಿದರು. ಗುಂಡಿ ತೋಡುವ ಅಗತ್ಯ ಬರಲಿಲ್ಲ.

ಎರಡು ತಿಂಗಳಿಗೆ ನಾಲ್ಕು ಮರಿ ಹುಟ್ಟಿದವು. ನಾಲ್ಕಕ್ಕೂ ಸೇರಿಸಿ ಒಂದು ಗೇಣು ಕಾಲು. ಕಣ್ಣು ಬಿಡುವ ಮೊದಲೇ ನನ್ನ ಕಣಜದ ಕೆಳಗೆ ಮೂತಿ ತೂರಿಸಿದವು. ಎರಡು ನನ್ನಲ್ಲಿ ಉಳಿದವು, ಎರಡು ನರಸೀಪುರದ ಗೋಡೌನಿಗೆ ಹೋದವು. ಅಲ್ಲಿಯವು ಇಲಿ ಹಿಡಿದು ಬಾಗಿಲ ಮುಂದೆ ಸಾಲಾಗಿ ಇಟ್ಟು, ಊಟಕ್ಕೆ ಕಾಯುತ್ತವಂತೆ. ಇಲ್ಲಿಯವು ಕಾಯುವುದಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಚನ್ನಬಸಮ್ಮನ ಫೋನ್ ಬಂತು. ದನಿ ತೀರಾ ಸಣ್ಣಗಿತ್ತು.

"ಟೈಗರ್ ಮೊಸರನ್ನ ಮುಟ್ಟುತ್ತಿಲ್ಲ. ನಿಮ್ಮೂರಿಂದ ಬಂದಾಗಿನಿಂದ ಅರ್ಧಂಬರ್ಧ ತಿಂತಿದ್ದ, ಈಗ ಅದೂ ಇಲ್ಲ. ಬಟ್ಟಲು ಕಂಡ್ರೆ ಮುಖ ತಿರುಗಿಸ್ತಾನೆ. ಮರಿಗಳೂ ಅವನನ್ನ ನೋಡಿ ಕಲೀತಿವೆ."

"ಡಾಕ್ಟರಮ್ಮಂಗೆ ತೋರ್ಸಿ."

"ತೋರಿಸಿದೆ. ಅವರು ಅದನ್ನೇ ಕೊಡಿ ಅಂತಾರೆ."

"ಏನ್ನ?"

"ಅದೇ... ನಿಮ್ಮ ಕಡೆ ಒಣಗಿಸಿ ಇಡ್ತೀರಲ್ಲ."

"ಏನ್ನ ಒಣಗ್ಸದು? ಮೆಣಸಿನ್‌ಕಾಯಾ?"

"ಎಲ್ಲ ನನ್ನ ಬಾಯಲ್ಲೇ ಹೇಳಿಸಬೇಡಿ ಬೀಗ್ತೀರಾ!"

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. "ಸರ್ಯಾಗಿ ಕೇಳ್ನಿಲ್ಲ. ಕಡೇ ಮಾತ ಇನ್ನೊಂದ್ಸಲ ಏಳಿ."

"ಹಿತ್ತಿಲ ಬಾಗಿಲಿಗೆ ತನ್ನಿ," ಎಂದರು. ಫೋನು ಇಟ್ಟರು.

ಒಣಮೀನನ್ನು ಪೇಪರಿನಲ್ಲಿ ಸುತ್ತಿ, ಕವರಿಗೆ ಹಾಕಿ, ಅದರ ಮೇಲೆ ಇನ್ನೊಂದು ಕವರು ಹಾಕಿ ಬಸ್ಸು ಹತ್ತಿದೆ. ನಂಜನಗೂಡು ದಾಟುವ ಹೊತ್ತಿಗೆ ನನ್ನ ಸುತ್ತಲಿನ ಸೀಟೆಲ್ಲ ಖಾಲಿ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನಜ್ಜಿ ಅದು?" ಎಂದ.

"ಬೀಗ್ರ ಮನೆಗೆ ತಿಂಡಿ ಕಣಪ್ಪ."

ಚನ್ನಬಸಮ್ಮ ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದರು. ಪೊಟ್ಟಣವನ್ನು ಸೆರಗಿನಡಿ ಸೇರಿಸಿ, ನನ್ನನ್ನು ಒಳಗೆ ಕರೆದು ಕೂರಿಸಿದರು. ಕಾಫಿ ಈ ಸಲ ಸ್ಟೀಲ್ ಲೋಟದಲ್ಲಿ ಬಂತು, ಅವರೂ ಎದುರಿಗೆ ಕುಳಿತು ಅಂಥದ್ದೇ ಲೋಟದಲ್ಲಿ ಕುಡಿದರು. ಬೆಳ್ಳಿ ಬಟ್ಟಲು ಮಾತ್ರ ಇನ್ನೂ ಟೈಗರನಿಗೇ. ಅದನ್ನು ಅವನು ಹಿತ್ತಿಲಲ್ಲಿ ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿದ್ದ.